ಎದುರು ಮನೆಗೆ ಯೂ ಟರ್ನ್

ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಎದುರು ಮನೆಯ ನೀಲವ್ವನನ್ನು ನೋಡಬೇಕೆಂದರೆ ಎರಡು ಲಾರಿಗಳ ನಡುವಿನ ಸಂದಿಯಲ್ಲಿ ನೋಡಬೇಕು. ಒಂದು ಲಾರಿ ಹೋಗಿ ಇನ್ನೊಂದು ಬರುವುದರೊಳಗೆ ಆಕೆ ಕಾಣುತ್ತಾಳೆ, ಕಾಳು ಹಸನು ಮಾಡುತ್ತಿರುತ್ತಾಳೆ. ಮುಂದಿನ ಸಂದಿಯಲ್ಲಿ ತಲೆ ಎತ್ತಿರುತ್ತಾಳೆ. ಅದರ ಮುಂದಿನದರಲ್ಲಿ ಆಕೆಯೇ ಇರುವುದಿಲ್ಲ, ಮೊರ ಮಾತ್ರ ಇರುತ್ತದೆ. ಯಾಕೆ ಎದ್ದು ಹೋದಳು, ಒಳಗೆ ಯಾರು ಕರೆದರು, ಮಂಡಿನೋವು ಹೆಚ್ಚಾಯಿತೇ ಎಂದು ನಾನು ಇಡೀ ಮಧ್ಯಾಹ್ನ ಯೋಚಿಸುತ್ತ ಕೂರುತ್ತೇನೆ. ನನ್ನ ಸೊಸೆ ಟಿವಿಯಲ್ಲಿ ಧಾರಾವಾಹಿ ನೋಡುತ್ತಾಳೆ. ನನ್ನ ಧಾರಾವಾಹಿಯಲ್ಲಿ ಜಾಹೀರಾತೇ ಜಾಸ್ತಿ, ಎಲ್ಲವೂ ಅದಿರು ಲಾರಿಗಳದ್ದು.

ಫೋನ್ ಮಾಡಬಾರದೇ ಎಂದು ನೀವು ಕೇಳಬಹುದು. ನನ್ನ ಕೈಯಲ್ಲಿ ಫೋನಂತೂ ಇದೆ. ಇದನ್ನೆಲ್ಲ ಅದರಲ್ಲೇ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಹೊಸಪೇಟೆಯ ಕಾಲೇಜಿಗೆ ಹೋಗುವ ಮೊಮ್ಮಗಳು ಪೂರ್ಣಿಮಾ ಕಲಿಸಿದ ವಿದ್ಯೆ. ನಾನು ಒಂದಕ್ಷರ ಒತ್ತಿದರೆ ಫೋನು ತಾನೇ ಮೂರು ಪದಗಳನ್ನು ಮುಂದಿಡುತ್ತದೆ, ಮದುವೆ ಪಂಕ್ತಿಯಲ್ಲಿ ಬಡಿಸುವವರ ಹಾಗೆ. ಸಾಕು ಸಾಕು ಎಂದು ಕೈ ಅಡ್ಡ ಹಿಡಿದರೂ ಬೀಳುವುದು ಬಿದ್ದೇ ತೀರುತ್ತದೆ. ಆದರೆ ನೀಲವ್ವನಿಗೆ ಕಿವಿ ಮಂದ. ಎದುರಿಗೆ ಕೂತರೆ ಮುಖ ನೋಡಿ ಅರ್ಧ ಮಾತು ತಿಳಿದುಕೊಳ್ಳುತ್ತಾಳೆ, ಉಳಿದರ್ಧ ತಾನೇ ಹುಟ್ಟಿಸಿಕೊಳ್ಳುತ್ತಾಳೆ. ಅವಳು ಹುಟ್ಟಿಸಿಕೊಂಡದ್ದು ಎಷ್ಟೋ ಸಲ ನಾನು ಆಡಿದ್ದಕ್ಕಿಂತ ಚೆನ್ನಾಗಿರುತ್ತದೆ. ವಿಡಿಯೋ ಕಾಲ್ ಮಾಡಿದರೆ ಫೋನನ್ನು ಒಯ್ದು ಕಿವಿಗೇ ಹಚ್ಚುತ್ತಾಳೆ. ಹತ್ತು ನಿಮಿಷ ನಾನು ಅವಳ ಕಿವಿಯೋಲೆಯ ಜೊತೆ ಮಾತಾಡಿದ್ದಿದೆ.

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಈ ರಸ್ತೆ ಒಂದು ಬಸ್ಸಿಗೆ ಸಾಕಾಗುವಷ್ಟಿತ್ತು. ಎರಡೂ ಬದಿಗೆ ಹುಣಸೆ ಮರ. ಬೆಳಿಗ್ಗೆ ನಾನು ಈ ಕಡೆಯಿಂದ ಕಸ ಗುಡಿಸಿ ನೀರು ಚಿಮುಕಿಸುತ್ತ ಹೋಗುತ್ತಿದ್ದೆ, ಆ ಕಡೆಯಿಂದ ನೀಲವ್ವ ಬರುತ್ತಿದ್ದಳು. ಇಬ್ಬರ ಒದ್ದೆ ನೆಲ ರಸ್ತೆಯ ನಡುವೆ ಕೂಡುತ್ತಿತ್ತು. ಅಲ್ಲಿ ನಿಂತು ಎರಡು ಮಾತು. ಅದರಲ್ಲಿ ಒಂದು ಅತ್ತೆಯರದ್ದೇ ಆಗಿರುತ್ತಿತ್ತು ಅನ್ನಿ. ಬಸ್ಸು ಬಂದರೆ ಡ್ರೈವರು ಹಾರ್ನ್ ಹೊಡೆಯುವ ಮೊದಲು ಸ್ವಲ್ಪ ಕಾಯುತ್ತಿದ್ದ. ಈಗ ಯಾರಿಗಾದರೂ ಹೇಳಿದರೆ ಕಥೆ ಕಟ್ಟುತ್ತೀ ಅನ್ನುತ್ತಾರೆ.

ಆಮೇಲೆ ರಸ್ತೆ ಅಗಲವಾಯಿತು. ಮರ ಹೋದವು, ನಡುವೆ ಸೊಂಟದೆತ್ತರದ ಡಿವೈಡರ್ ಬಂತು. ನಮ್ಮ ಪುಣ್ಯಕ್ಕೆ ನಮ್ಮೆರಡು ಮನೆಗಳ ನಡುವೆಯೇ ಅದರಲ್ಲಿ ಒಂದು ಸಂದಿ ಉಳಿಯಿತು. ಒಂದು ಎಮ್ಮೆ ಆರಾಮಾಗಿ ನುಗ್ಗಬಹುದು, ಎರಡು ಎಮ್ಮೆಗಳಾದರೆ ಜಗಳ. ದಿನಕ್ಕೆ ನಾಲ್ಕು ಸಲವಾದರೂ ನಾನು ಆ ಸಂದಿಯಲ್ಲಿ ನುಗ್ಗಿ ನೀಲವ್ವನ ಮನೆಗೆ ಹೋಗಿ ಎರಡು ನಿಮಿಷ ನಿಂತು ಬರುತ್ತಿದ್ದೆ. ಕೆಲಸವೇನೂ ಇರುತ್ತಿರಲಿಲ್ಲ. ಅವಳ ಒಲೆಯ ಮೇಲೆ ಏನಿದೆ ಎಂದು ನೋಡದಿದ್ದರೆ ನನ್ನ ಒಲೆಯ ಮೇಲಿನದು ಬೇಯುತ್ತಿರಲಿಲ್ಲ, ಅಷ್ಟೇ.

ಸಂಡೂರಿನ ಕಡೆಯಿಂದ ಬರುವ ಲಾರಿಗಳು ಉದುರಿಸುವ ಕೆಂಪು ಧೂಳು ಹೊಸ ಫುಟ್‌ಪಾತಿನ ಮೇಲೆ ಗೇಣು ದಪ್ಪ ಕೂತಿತ್ತು. ಒಂದು ದಿನ ಪೂರ್ಣಿಮಾ ಫೋನಿನಲ್ಲಿ ಯಾವುದೋ ಹಿಮ ಬೀಳುವ ದೇಶವನ್ನು ತೋರಿಸಿದಳು. ಅಲ್ಲಿ ಫುಟ್‌ಪಾತಿನ ಮೇಲೆ ಬಿದ್ದ ಹಿಮವನ್ನು ಆಯಾ ಮನೆಯವರೇ ಬೆಳಿಗ್ಗೆ ಎದ್ದು ಸಲಿಕೆಯಿಂದ ಎತ್ತಿ ಹಾಕಬೇಕಂತೆ, ಇಲ್ಲದಿದ್ದರೆ ದಂಡವಂತೆ. ನನಗೆ ಆ ಜನ ಒಮ್ಮೆಲೇ ನೆಂಟರಂತೆ ಕಂಡರು. ಅವರಿಗೆ ಬಿಳಿಯದು ಬೀಳುತ್ತದೆ, ನಮಗೆ ಕೆಂಪನೆಯದು. ಅವರದು ಬಿಸಿಲಿಗೆ ಕರಗುತ್ತದೆ, ನಮ್ಮದು ಸೀರೆಗೆ ಹತ್ತಿದರೆ ಕೊನೆಯವರೆಗೂ ಜೊತೆಗಿರುತ್ತದೆ. ನಮ್ಮಲ್ಲಿ ಫುಟ್‌ಪಾತ್ ಯಾರದೆಂದು ಕೇಳಿದರೆ ರಸ್ತೆಯವರು ಪಂಚಾಯಿತಿಯದು ಎಂದರು, ಪಂಚಾಯಿತಿಯವರು ರಸ್ತೆಯವರದು ಎಂದರು. ಯಾರದೂ ಅಲ್ಲ ಎಂದಾದ ಮೇಲೆ ನನ್ನದೇ ಎಂದುಕೊಂಡು ಮನೆಯ ಬಾಗಿಲಿನಿಂದ ಸಂದಿಯ ಎದುರಿನವರೆಗೂ ನಾನೇ ದಿನಾ ಗುಡಿಸತೊಡಗಿದೆ. ಮಗ ಬೈದ. ನೀಲವ್ವ ಆ ಕಡೆಯಿಂದ ಕೂತಲ್ಲಿಂದಲೇ ಕೈ ತೋರಿಸಿ, ಅಲ್ಲಿ ಬಿಟ್ಟಿದ್ದೀ, ಇಲ್ಲಿ ಬಿಟ್ಟಿದ್ದೀ ಎಂದು ಮೇಸ್ತ್ರಿಕೆ ಮಾಡಿದಳು.

ಹಂಪಿಗೆ ಹೋದಾಗಲೆಲ್ಲ ನಾನು ದೇವರನ್ನು ನೋಡಿ ಮುಗಿಸಿ ಆ ಬಜಾರಿನ ಬೀದಿಯನ್ನು ನೋಡುತ್ತ ನಿಲ್ಲುತ್ತೇನೆ. ಎಷ್ಟು ಅಗಲದ ಬೀದಿ! ಎರಡೂ ಬದಿಗೆ ಉದ್ದಕ್ಕೂ ಕಲ್ಲಿನ ಮಂಟಪಗಳ ಸಾಲು. ಆನೆ, ಕುದುರೆ, ಸೈನ್ಯ ಎಲ್ಲ ಓಡಾಡಿದ ರಾಜಧಾನಿ ಅದು, ಆದರೂ ನಡುವೆ ಗೋಡೆ ಕಟ್ಟಬೇಕೆಂದು ಯಾರಿಗೂ ಹೊಳೆದಂತಿಲ್ಲ. ಈ ಮಂಟಪದಲ್ಲಿ ಹೂ ಮಾರುವವಳಿಗೆ ಆ ಮಂಟಪದ ಎಲೆ ಅಡಿಕೆಯವಳು ಕೂಗಿದರೆ ಎದ್ದು ಹೋಗುವಂತಿದ್ದಿರಬೇಕು. ಇತಿಹಾಸ ಓದಿದವರು ಇದನ್ನು ಒಪ್ಪದಿರಬಹುದು. ನಾನು ಓದಿದ್ದು ಏಳನೆಯ ಇಯತ್ತೆ, ನನಗೆ ಹಂಪಿಯಲ್ಲಿ ಕಾಣುವುದು ಇಷ್ಟೇ.

ಹೋದ ವರ್ಷ ಆ ಸಂದಿಗೂ ಕುತ್ತು ಬಂತು. ಪಂಚಾಯಿತಿಯಲ್ಲಿ ಸಭೆ ಕರೆದರು. ರಸ್ತೆಯ ಸಾಹೇಬರೊಬ್ಬರು ಬಂದು, ಸಂದಿಯಲ್ಲಿ ಎಷ್ಟು ಜನ ದಾಟುತ್ತಾರೆಂದು ಒಂದು ದಿನ ಎಣಿಸುತ್ತೇವೆ, ಭಾಳ ಕಡಿಮೆ ಇದ್ದರೆ ಮುಚ್ಚುತ್ತೇವೆ ಎಂದರು. ಭಾಳ ಹೆಚ್ಚಿದ್ದರೆ ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ನನ್ನ ತಲೆಯಲ್ಲಿ ಆಗಲೇ ಬೇರೆ ಲೆಕ್ಕಾಚಾರ ಹತ್ತಿಕೊಂಡಿತ್ತು, ಯಾಕೆಂದರೆ ಅವರು ಎಣಿಸಲು ಗೊತ್ತು ಮಾಡಿದ್ದು ನಾಗರ ಪಂಚಮಿಯ ಹಿಂದಿನ ದಿನ. ನಮ್ಮ ಕಡೆ ಅದು ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ ತಾಟಿನಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ಮನೆಮನೆಗೆ ಬೀರುವ ದಿನ. ಕೊಟ್ಟ ತಾಟು ಖಾಲಿ ಬರುವಂತಿಲ್ಲ, ಆ ಮನೆಯ ರೊಟ್ಟಿ ತುಂಬಿಕೊಂಡೇ ಬರಬೇಕು. ಸರಕಾರಕ್ಕೆ ಇದು ತಿಳಿದಿರಲಿಲ್ಲ. ನಾನು ತಿಳಿಸಲೂ ಇಲ್ಲ.

ಓಣಿಯ ಹೆಂಗಸರಿಗೆಲ್ಲ ಹೇಳಿಟ್ಟೆ. ಒಂದೇ ತಾಟಿನಲ್ಲಿ ಎಲ್ಲ ಒಯ್ಯಬೇಡಿ, ಒಮ್ಮೆ ರೊಟ್ಟಿ, ಒಮ್ಮೆ ಪಲ್ಯ, ಒಮ್ಮೆ ಚಟ್ನಿ ಒಯ್ಯಿರಿ ಎಂದೆ. ಬೆಳಿಗ್ಗೆ ನೋಡಿದರೆ ಸಂದಿಯ ಬದಿಗೆ ಕೊಡೆ ಹಿಡಿದು ಕುರ್ಚಿ ಹಾಕಿಕೊಂಡು ಕನ್ನಡಕದ ಗೃಹಸ್ಥರೊಬ್ಬರು ಕೂತಿದ್ದರು, ಕೈಯಲ್ಲಿ ಹಾಳೆ. ನಾವು ಶುರು ಮಾಡಿದೆವು. ಮೂರನೆಯ ಸಲಕ್ಕೆ ನೀಲವ್ವನಿಗೇ ಅನುಮಾನ ಬಂತು.

“ಏನವಾ ಗಂಗವ್ವ, ಬಳ್ಳಾರಿತನಕಾ ರೊಟ್ಟಿ ಬೀರಾಕ ಹೊಂಟೀಯೇನು?”

ಸಂಗತಿಯನ್ನು ಕೈಸನ್ನೆ ಮಾಡಿ ತಿಳಿಸಿದೆ. ಅವಳ ಮುಖ ಹಬ್ಬದ ಮುಖವಾಯಿತು. ಮತ್ತೆರಡು ಸಲ ಓಡಾಡಿದ ಮೇಲೆ ಕನ್ನಡಕದವರು ನನ್ನನ್ನು ನಿಲ್ಲಿಸಿ, “ಅವ್ವಾ, ನೀವಾಗ್ಲೇ ಭಾಳ ಸಲ ಹೋಗಿ ಬಂದ್ರಿ” ಎಂದರು.

“ಅಷ್ಟೂ ಸಲ ಬರಕೊಳ್ಳಾಕ ಬರಂಗಿಲ್ಲೇನಪಾ?”

“ಬರ್ತೈತ್ರಿ. ನಾವು ಮಂದೀನ ಎಣಸಂಗಿಲ್ಲ, ದಾಟೋದನ್ನ ಎಣಸ್ತೀವಿ.”

ಇಷ್ಟು ಒಳ್ಳೆಯ ಕಾಯ್ದೆ ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ ಎಂದು ಕನ್ನಡಕದವರ ಕೈಗೂ ಎರಡು ರೊಟ್ಟಿ, ಪಲ್ಯ ಕೊಟ್ಟೆ. ಅವರು ತಿನ್ನುತ್ತಲೇ ಗೀಟು ಹಾಕಿದರು. ಮಧ್ಯಾಹ್ನ ನೀಲವ್ವ ತಾನೂ ದಾಟುತ್ತೇನೆಂದು ಹಟ ಹಿಡಿದಳು. ಅವಳ ಮಂಡಿ ವರ್ಷದ ಹಿಂದೆಯೇ ರಸ್ತೆ ದಾಟುವುದನ್ನು ಬಿಟ್ಟಿತ್ತು. ನಾನು ಕೈ ಹಿಡಿದೆ, ಪೂರ್ಣಿಮಾ ಮುಂದೆ ನಿಂತು ಲಾರಿಗಳನ್ನು ನಿಲ್ಲಿಸಿದಳು. ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಬಂದು, ನಮ್ಮ ಕಟ್ಟೆಯ ಮೇಲೆ ಕೂತು, ತನ್ನ ಮನೆಯನ್ನೇ ಬಹಳ ಹೊತ್ತು ನೋಡಿದಳು. ಇಲ್ಲಿಂದ ನನ್ನ ಮನೆ ಸಣ್ಣದು ಕಾಣುತ್ತದೆ, ನಿನಗೆ ಇಷ್ಟು ದಿನ ಹೀಗೆಯೇ ಕಂಡಿತೇ ಎಂದು ಕೇಳಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಎರಡು ತಿಂಗಳಿಗೆ ಫಲಿತಾಂಶ ಬಂತು. ನಮ್ಮ ಎಣಿಕೆ ಭಾರಿಯಾಗಿ ಬಂದಿತ್ತು. ಇಷ್ಟು ಜನ ದಾಟುವ ಜಾಗ ಅಪಾಯದ ಜಾಗ ಎಂದು ಬರೆದು ಸಂದಿಯನ್ನು ಮುಚ್ಚಿಬಿಟ್ಟರು. ಮುಂದೆ ಯಾವಾಗಲೋ ಮೆಟ್ಟಿಲಿನ ಮೇಲ್ಸೇತುವೆ ಕಟ್ಟುತ್ತಾರಂತೆ. ನನ್ನ ಮಂಡಿ ಮತ್ತು ನೀಲವ್ವನ ಮಂಡಿ ಸೇರಿದರೆ ಒಂದು ಮಂಡಿಯಷ್ಟು ಜೀವ ಇದೆ, ಮೆಟ್ಟಿಲು ಯಾರಿಗಾಗಿಯೋ. ಓಣಿಯವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ತವರು ಕಂಪ್ಲಿ. ಡ್ಯಾಮಿನಿಂದ ನೀರು ಬಿಟ್ಟರೆ ಅಲ್ಲಿನ ಹೊಳೆಯ ಸೇತುವೆ ಮುಳುಗುತ್ತದೆ. ಈ ದಂಡೆಯವರು ಈ ಕಡೆ, ಗಂಗಾವತಿಯ ಕಡೆಯವರು ಆ ಕಡೆ ನಿಂತು ನೋಡುತ್ತಾರೆ. ಆದರೆ ಅಲ್ಲಿ ಯಾರ ಮುಖವೂ ಸಣ್ಣದಾಗುವುದಿಲ್ಲ, ನೀರು ಇಳಿದೇ ಇಳಿಯುತ್ತದೆಂದು ಎಲ್ಲರಿಗೂ ಗೊತ್ತು. ನಾನು ಎಷ್ಟು ದಿನ ಕಟ್ಟೆಯ ಮೇಲೆ ಕೂತು ನೋಡಿದರೂ ಈ ಕಾಂಕ್ರೀಟು ಒಂದು ಬೊಟ್ಟೂ ಇಳಿದಿಲ್ಲ.

ಹೋದ ವಾರ ತಡೆಯಲಾಗದೆ ಪೂರ್ಣಿಮಾಳ ಸ್ಕೂಟರಿನ ಹಿಂದೆ ಕೂತು ಹೊರಟೆ. ಎದುರು ಮನೆಗೆ ಹೋಗಲು ಮೊದಲು ಟೋಲ್ ಗೇಟಿನವರೆಗೆ ಹೋಗಬೇಕು, ಅದನ್ನು ದಾಟಿ ಮುಂದೆ ಯೂ ಟರ್ನ್, ಮತ್ತೆ ಟೋಲ್ ದಾಟಿ ವಾಪಸು. ಟೋಲಿನಲ್ಲಿ ಎಷ್ಟೊಂದು ಸಾಲುಗಳು! ಕಾರಿಗೆ, ಬಸ್ಸಿಗೆ, ಲಾರಿಗೆ, ಆಂಬುಲೆನ್ಸಿಗೆ, ದೊಡ್ಡ ಮನುಷ್ಯರಿಗೆ, ಎಲ್ಲರಿಗೂ ಯೋಚಿಸಿ ದಾರಿ ಮಾಡಿದ್ದಾರೆ. ಸ್ಕೂಟರಿಗೂ ಬದಿಗೆ ಒಂದು ಸಣ್ಣ ದಾರಿ. ಸುಮ್ಮನೆ ಎರಡು ನಿಮಿಷ ನಿಂತು ಬರುವವರಿಗೆ ಯಾವ ಸಾಲು ಎಂದು ಕೇಳಬೇಕೆನಿಸಿತು. ಪೂರ್ಣಿಮಾ ಜೋರಾಗಿ ಓಡಿಸಿದಳು.

ನೀಲವ್ವ ನನ್ನನ್ನು ಕಂಡವಳೇ ಗಡಬಡಿಸಿ ಎದ್ದಳು. ಗೋಡೆ ಹಿಡಿದುಕೊಂಡು ಹೋಗಿ ಹೊಸ ಚಾಪೆ ತಂದು ಹಾಸಿದಳು. ತೊಳೆದ ಚೊಂಬಿನಲ್ಲಿ ನೀರು ಕೊಟ್ಟಳು. ಮನೆಯಲ್ಲಿ ಎಲ್ಲರೂ ಆರಾಮೇ ಎಂದು ಕೇಳಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, “ಇಷ್ಟು ದೂರದಿಂದ ಬಂದೀ, ಉಂಡ ಹೋಗು” ಎಂದಳು.

ನಾನು ಚಾಪೆಯ ತುದಿಯಲ್ಲಿ ಕೂತೆ. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನನಗೆ ಯಾರೂ ಚಾಪೆ ಹಾಸಿರಲಿಲ್ಲ. ಉಂಡು ಹೋಗು ಎಂದೂ ಯಾರೂ ಹೇಳಿರಲಿಲ್ಲ, ಹಸಿದರೆ ನಾನೇ ಹಾಕಿಕೊಳ್ಳುತ್ತಿದ್ದೆ. ರಸ್ತೆ ನನಗೆ ಏನು ಮಾಡಿದೆ ಎಂದು ಆಗ ತಿಳಿಯಿತು. ನನ್ನನ್ನು ನೀಲವ್ವನಿಂದ ದೂರ ಮಾಡಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅದು ನನ್ನನ್ನು ಅವಳಿಗೆ ಅತಿಥಿ ಮಾಡಿಬಿಟ್ಟಿತ್ತು. ಅವಳಿಗೂ ಅದು ತಿಳಿದಿರಬೇಕು, ಚೊಂಬಿನ ಕಡೆಗೇ ನೋಡುತ್ತಿದ್ದಳು.

ನಾನು ಎದ್ದೆ. ಹೇಳದೆ ಕೇಳದೆ ಅಡುಗೆಮನೆಗೆ ನುಗ್ಗಿ ಗಡಿಗೆಯ ಮುಚ್ಚಳ ತೆಗೆದೆ. ಬೇಳೆ ಸಾರು. ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ, ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ಅವಳಿಗೆ ತಿಳಿಯುವ ಹಾಗೆ ಮುಖ ಕಿವುಚಿ, “ಉಪ್ಪು ಕಮ್ಮಿ ಆಗೈತಿ” ಎಂದೆ.

ನೀಲವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ನಿನ್ನ ನಾಲಿಗಿಗೆ ಯಾವತ್ತ ಸಾಕಾಗೈತಿ? ಡಬ್ಬಿ ಅಲ್ಲೇ ಐತಿ, ಹಾಕಿಕೋ” ಎಂದು ಬೈದು, ಬಾಗಿ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದಳು. ನೆಲ ತಣ್ಣಗಿತ್ತು. ಇಬ್ಬರೂ ಅದರ ಮೇಲೆಯೇ ಕೂತೆವು.