ಸವೇತಾ ಕಿತ್ತು ಸುತ್ತಿಟ್ಟ ಬಲೆ

ನಮ್ಮೂರಲ್ಲಿ ಹಿಮದ ಬಗ್ಗೆ ಎಲ್ಲರಿಗಿಂತ ಹೆಚ್ಚು ಮಾತಾಡುವವನು ಗವ್ರಿಲ್. ಎಲ್ಲರಿಗಿಂತ ಕಡಿಮೆ ಹಿಮ ತುಳಿದವನೂ ಅವನೇ. ಗ್ರಾಮ ಕಚೇರಿಯಲ್ಲಿ ಒಲೆಯ ಪಕ್ಕದ ಕುರ್ಚಿ ಅವನದು. ಮೂರು ವರ್ಷದ ಹಿಂದೆ ಜಿಲ್ಲೆಯಿಂದ ‘ಚಳಿಗಾಲದ ಸುರಕ್ಷತೆ’ ಅಂತ ಒಂದು ಹುದ್ದೆ ಬಂತು. ಉಳಿದವರೆಲ್ಲ ಬೇಡ ಅಂದದ್ದಕ್ಕೆ ಅದು ಅವನ ಪಾಲಾಯಿತು. ಅಂದಿನಿಂದ ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು, ಕೊರಳಲ್ಲೊಂದು ಸೀಟಿ. ಹಿಮ ಬಿದ್ದರೂ ಊದುತ್ತಾನೆ, ಬೀಳದಿದ್ದರೂ ಊದುತ್ತಾನೆ.

ಸವೇತಾಳ ಕಥೆ ಹೇಳಲು ಹೊರಟವನು ಇವನಿಂದ ಶುರುಮಾಡಬೇಕಾಯಿತಲ್ಲ, ನನ್ನ ಹಣೆಬರಹ.

ಸವೇತಾ ನನ್ನ ಪಕ್ಕದ ಮನೆಯವಳು. ಬುಕೊವಿನಾದ ಈ ಬೆಟ್ಟಗಳಲ್ಲಿ ಇಪ್ಪತ್ತೊಂಬತ್ತು ಚಳಿಗಾಲ ಮನೆಮನೆಗೆ ಅಂಚೆ ಹಂಚಿದವಳು. ಕೋಲಿನಿಂದ ಹಿಮ ಚುಚ್ಚಿ ನೋಡಿಯೇ ಹೆಜ್ಜೆ ಇಡುವುದು ಅವಳ ರೂಢಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಎಡಗಾಲಿನ ಕಿರುಬೆರಳು ಚಳಿಗೆ ಸತ್ತು, ಆಸ್ಪತ್ರೆಯಲ್ಲಿ ಕತ್ತರಿಸಿದರು. “ಚಂದ ಕಾಣ್ಲಿ ಅಂತ ಬಿಗಿ ಬೂಟು ಹಾಕಿದ್ದೆ. ನನ್ನಂಥ ಪೆದ್ದಿಗೆ ಒಂದೇ ಬೆರಳು ಹೋದದ್ದು ಕಮ್ಮಿ ಆಯ್ತು” ಅಂತ ಅವಳೇ ಹೇಳುತ್ತಾಳೆ. ಆಮೇಲಿಂದ ಯಾರೇ ಎದುರಾಗಲಿ, ಮುಖಕ್ಕಿಂತ ಮೊದಲು ಕಾಲು ನೋಡುತ್ತಾಳೆ. “ಏನೇ ಹುಡುಗಿ, ಈ ತೆಳು ಕಾಲುಚೀಲ ಹಾಕ್ಕೊಂಡು ಹೊರಟದ್ದು ಮದುವೆಗೋ ಮಸಣಕ್ಕೋ?” ಅಂತ ನಡುಬೀದಿಯಲ್ಲಿ ಕೇಳಿ ಎಷ್ಟು ಜನರ ಮಾನ ಕಳೆದಿದ್ದಾಳೋ ಲೆಕ್ಕವಿಲ್ಲ.

ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಚರ್ಚಿನ ಹಿಂದಿನ ಗುಡ್ಡದಲ್ಲಿ ಮರದ ಜಾರುಬಂಡಿಯ ಮೇಲೆ ಕೂತು ಹಿಮದಲ್ಲಿ ಜಾರುತ್ತಿದ್ದ ಒಬ್ಬ ಹುಡುಗನ ಮಣಿಕಟ್ಟು ಉಳುಕಿತು. ಅಷ್ಟೇ. ಗವ್ರಿಲ್ ಯಾರೂ ಹತ್ತದಂತೆ ಗುಡ್ಡದುದ್ದಕ್ಕೂ ಕಿತ್ತಳೆ ಬಣ್ಣದ ಬಲೆ ಕಟ್ಟಿಸಿ, ಹದಿನಾಲ್ಕು ನಿಯಮಗಳ ಹಲಗೆ ನಿಲ್ಲಿಸಿದ. ಮೊದಲನೆಯ ನಿಯಮ: ಇಲ್ಲಿ ಜಾರುವುದನ್ನು ನಿಷೇಧಿಸಿದೆ. ಮಿಕ್ಕ ಹದಿಮೂರು, ಹೇಗೆ ಜಾರಬೇಕು ಎಂಬುದರ ಬಗ್ಗೆ.

ಸವೇತಾ ಹಲಗೆಯನ್ನು ಎರಡು ಸಲ ಓದಿದಳು. “ಅಲ್ಲಪ್ಪಾ ಗವ್ರಿಲ್, ಜಾರಬೇಡಿ ಅಂದ ಮೇಲೆ ಈ ಹದಿಮೂರು ಯಾರಿಗೋ? ದೆವ್ವಕ್ಕಾ?”

“ನಿಯಮ ಅಂದ್ರೆ ನಿಯಮ, ಸವೇತಕ್ಕ. ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ಜವಾಬು ಹೇಳೋರು ಯಾರು?”

“ಊರಲ್ಲಿ ಇರೋದರಲ್ಲಿ ಒಳ್ಳೇ ಗುಡ್ಡ ಇದೊಂದೇ. ಕೆಳಗೆ ಬಯಲು, ಮರ ಇಲ್ಲ, ನೀರಿಲ್ಲ. ಇಲ್ಲಿ ಬಿಡದಿದ್ರೆ ಮಕ್ಕಳು ಗಿರಣಿ ಹೊಂಡದ ಕಡೆ ಹೋಗ್ತಾವೆ. ಅಲ್ಲಿ ಅಡೀಲಿ ನೀರು ಹರೀತಿರುತ್ತೆ, ಮಂಜುಗಡ್ಡೆ ಹಪ್ಪಳದಷ್ಟು ತೆಳು.”

“ಹೊಂಡ ನನ್ನ ವ್ಯಾಪ್ತಿಗೆ ಬರಲ್ಲ.”

ಹತ್ತು ಜನ ನಿಂತು ಕೇಳಿಸಿಕೊಂಡೆವು. ಒಬ್ಬರೂ ತುಟಿ ಬಿಚ್ಚಲಿಲ್ಲ. ಶಾಲೆಯ ಮೇಷ್ಟ್ರು ನಾನು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಹದಿನಾಲ್ಕು ನಿಯಮಗಳನ್ನು ಮಕ್ಕಳಿಂದ ನಕಲು ಮಾಡಿಸಿದೆ.

ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಮಕ್ಕಳು ಹೊಂಡದ ದಿಬ್ಬಕ್ಕೆ ಹೋದರು. ಹೀಗಾಗುತ್ತದೆ ಅಂತ ಗೊತ್ತಿದ್ದ ಸವೇತಾ ಅವರನ್ನು ಅಟ್ಟಲು ಹೊರಟಿದ್ದಳು. ಅವಳು ಗಿರಣಿ ಮುಟ್ಟುವಷ್ಟರಲ್ಲಿ ಒಂಬತ್ತು ವರ್ಷದ ಇಲಿಂಕಾ ಜಾರುಬಂಡಿಯ ಸಮೇತ ಹೊಂಡದ ನಡುವಿಗೆ ಹೋಗಿ, ಮಂಜುಗಡ್ಡೆ ಒಡೆದು, ಎದೆಮಟ್ಟ ನೀರಿಗಿಳಿದಿದ್ದಳು. ಕಿರುಚಾಟ ಕೇಳಿ ನಾವು ಗಂಡಸರು ಓಡಿದೆವು. ಹಾಗೇ ಗಡ್ಡೆಯ ಮೇಲೆ ನುಗ್ಗುವವರಿದ್ದೆವು.

“ನಿಲ್ರೋ ಕತ್ತೆಗಳಾ! ನೀವೂ ಬಿದ್ರೆ ನಿಮ್ಮನ್ನ ಯಾರು ಎಳೀತಾರೆ? ಆ ಏಣಿ ತನ್ನಿ!”

ಗಿರಣಿಯ ಏಣಿಯನ್ನು ಗಡ್ಡೆಯ ಮೇಲೆ ಹಾಸಿ, ಅರವತ್ತಾರರ ಹೆಂಗಸು ಹೊಟ್ಟೆಯ ಮೇಲೆ ತೆವಳಿ ಹೋದಳು. ಗಡ್ಡೆ ಲಟಲಟ ಅನ್ನುತ್ತಿತ್ತು.

“ಅಳಬೇಡ ಇಲಿಂಕಾ, ಅತ್ತರೆ ಬೈತೀನಿ. ಮೊಣಕೈ ಗಡ್ಡೆ ಮೇಲಿಡು. ಕಾಲು ಹಿಂದಕ್ಕೆ ಒದಿ, ಈಜೋ ಹಾಗೆ. ಇನ್ನೂ ಜೋರಾಗಿ ಒದಿಯೇ, ಸೋಂಬೇರಿ!”

ಹುಡುಗಿ ಒದ್ದಳು. ಸವೇತಾ ಅವಳ ಕೋಟಿನ ಕಾಲರು ಹಿಡಿದಳು. ನಾವು ಏಣಿಯನ್ನು ದಡಕ್ಕೆ ಎಳೆದೆವು.

ಅಲ್ಲಿಗೂ ನಮ್ಮ ಪೆದ್ದುತನ ಮುಗಿದಿರಲಿಲ್ಲ. ಗಿರಣಿಯ ಒಳಗೆ, ಮೈ ಬಿಸಿಯಾಗಲಿ ಅಂತ, ಒಬ್ಬ ಮಗುವಿನ ಬಾಯಿಗೆ ಪ್ಲಮ್ ಹಣ್ಣಿನ ಸಾರಾಯಿ ಹಿಡಿದ, ಇನ್ನೊಬ್ಬ ಅವಳ ಕೈಗೆ ಹಿಮ ತಿಕ್ಕಲು ಹೋದ. ಸವೇತಾ ಇಬ್ಬರ ಕೈಗೂ ಬಾರಿಸಿದಳು. “ಕೊಲ್ಲೋದೇ ಆಗಿದ್ರೆ ನೀರಲ್ಲೇ ಬಿಡಬಹುದಿತ್ತು!” ಒದ್ದೆ ಬಟ್ಟೆ ಬಿಚ್ಚಿ, ತನ್ನ ಕುರಿತುಪ್ಪಳದ ಕೋಟು ಸುತ್ತಿ, ಬಿಸಿ ಹಾಲನ್ನು ಗುಟುಕು ಗುಟುಕಾಗಿ ಕುಡಿಸಿದಳು. ಹುಡುಗಿಯ ತುಟಿಗೆ ಬಣ್ಣ ಬಂದ ಮೇಲೆ ಗವ್ರಿಲ್ ಬಂದ. ಬಂದು ಸೀಟಿ ಊದಿದ.

ಮರುದಿನ ಬೆಳಿಗ್ಗೆ ಸವೇತಾ ಚರ್ಚಿನ ಗುಡ್ಡಕ್ಕೆ ಹೋಗಿ ಬಲೆಯನ್ನು ಗೂಟದ ಸಮೇತ ಕಿತ್ತಳು. ಜಾರಿ ಬಂದವರಿಗೆ ಪೆಟ್ಟಾಗದಂತೆ, ಬಯಲಿನ ತುದಿಯ ಬೇಲಿಗೆ ಒತ್ತಿ ಹುಲ್ಲಿನ ಪಿಂಡಿ ಜೋಡಿಸಿದಳು. ಈ ಸಲ ನಾವೂ ಹೊತ್ತೆವು. ಯಾರೂ ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ.

“ಅಕ್ಕಾ, ಅದು ಸರಕಾರಿ ಸೊತ್ತು!” ಗವ್ರಿಲ್ ಅರಚಿದ.

“ತಗೊಳಪ್ಪ, ನೀಟಾಗಿ ಸುತ್ತಿಟ್ಟಿದೀನಿ. ಬೇಸಿಗೇಲಿ ಕೋಳಿಗೂಡಿಗೆ ಕಟ್ಕೋ. ಕೋಳಿಗಳಾದ್ರೂ ನಿನ್ನ ಮಾತು ಕೇಳ್ತಾವೆ.”

ಅವಳು ಹಲಗೆ ಬರೆಯಲಿಲ್ಲ, ಮಕ್ಕಳಿಗೆ ಬಾಯಲ್ಲೇ ಹೇಳಿದಳು. ಕೂತು ಜಾರಬೇಕು, ಕಾಲು ಮುಂದೆ. ಮುಂದಿನವರು ದಾರಿ ಬಿಟ್ಟ ಮೇಲೇ ಹಿಂದಿನವರು. ಕೈಗವಸು ಒದ್ದೆಯಾದರೆ, ಬೆರಳು ಜೋಮು ಹಿಡಿದರೆ, ನೇರ ಅವಳ ಮನೆಯ ಒಲೆಯ ಮುಂದೆ. ಹೇಳಿ ಮುಗಿಸಿದವಳೇ ತಾನೇ ಜಾರುಬಂಡಿ ಹತ್ತಿ ಕೂತಳು. “ದಾರಿ ಬಿಡ್ರೋ!” ಅಂತ ಕೂಗುತ್ತ ಬಯಲಿನ ತುದಿಯವರೆಗೂ ಹೋಗಿ, ಹಿಮದಲ್ಲಿ ಉರುಳಿಬಿದ್ದು ನಕ್ಕಳು. ಇಷ್ಟು ವರ್ಷ ಪಕ್ಕದಲ್ಲಿದ್ದು ನಾನು ಆ ನಗು ಕೇಳಿದ್ದು ಅದೇ ಮೊದಲು.

ಅದೇ ಏಪ್ರಿಲ್‌ನಲ್ಲಿ ಗವ್ರಿಲ್‌ಗೆ ಪ್ರಶಸ್ತಿಪತ್ರ ಬಂತು. ‘ಬಲೆ ಕಟ್ಟಿದ ಮೇಲೆ ಚರ್ಚಿನ ಗುಡ್ಡದಲ್ಲಿ ಒಂದೂ ಅಪಘಾತವಿಲ್ಲ’ ಅಂತ ಅವನೇ ವರದಿ ಬರೆದಿದ್ದನಂತೆ. ಸಮಾರಂಭಕ್ಕೆ ಸವೇತಾ ಬರಲಿಲ್ಲ. ನಾನು ಹೋದೆ. ಕೇಕು ತಿಂದೆ. ಚಪ್ಪಾಳೆಯನ್ನೂ ತಟ್ಟಿದೆ.

ಸಂಜೆ ಅವಳಿಗೆ ಹೇಳಿದಾಗ ಅಂಗಳದಲ್ಲಿ ಜಾರುಬಂಡಿಯ ಅಡಿಯ ಕಬ್ಬಿಣದ ಪಟ್ಟಿಗೆ, ತುಕ್ಕು ಹಿಡಿಯದಂತೆ, ಎಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಕೇಕು ಹೇಗಿತ್ತು, ಮೇಷ್ಟ್ರೇ?”

“ಒಣಗಿತ್ತು” ಅಂದೆ.

“ಇನ್ನೇನು ಮತ್ತೆ” ಅಂದು, ಚಿಂದಿಬಟ್ಟೆಯನ್ನು ನನ್ನ ಕಡೆ ಎಸೆದಳು. ಇನ್ನೊಂದು ಪಟ್ಟಿಗೆ ನಾನು ಎಣ್ಣೆ ಹಚ್ಚಿದೆ.