ದಕ್ಷಿಣಕ್ಕೆ ತಿರುಗಿದ ಏಳು ಸೂಜಿಗಳು

ಬಂದರಿನವರು ಅವಳನ್ನು ಸೂಜಿಯಕ್ಕ ಎಂದು ಕರೆಯುತ್ತಿದ್ದರು. ದರ್ಜಿಯಿರಬೇಕು ಎಂದುಕೊಂಡು ಹೊಸಬರು ಹರಿದ ಅಂಗಿ ಹಿಡಿದು ಬಂದದ್ದೂ ಉಂಟು. ಅವಳದು ದಿಕ್ಸೂಚಿಯ ಸೂಜಿ. ದೋಣಿಗಳ ದಿಕ್ಸೂಚಿ ಮಂಕಾದರೆ ಬಿಚ್ಚಿ, ತುಕ್ಕು ಒರೆಸಿ, ಸೂಜಿಯನ್ನು ಕಾಂತದಿಂದ ಉಜ್ಜಿ ಚುರುಕು ಮಾಡಿಕೊಡುವುದು ಅಪ್ಪನಿಂದ ಬಂದ ಕಸುಬು. ಮೂವತ್ತೊಂದು ವರ್ಷದಲ್ಲಿ ಅವಳ ಕೈಕೆಲಸದ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ.

ಆ ವರ್ಷ ಬಂದರಿನ ಎದುರಿದ್ದ ಅವಳ ಹಳೆಯ ಅಂಗಡಿಯನ್ನು ಕೆಡವುತ್ತೇವೆಂದರು. ಒಳಗಿನ ಗಲ್ಲಿಯೊಂದರಲ್ಲಿ, ಎರಡನೇ ಮಹಡಿಯ ಕೋಣೆ ಸಿಕ್ಕಿತು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಸಾಮಾನು ಹೊತ್ತು ತರುವಾಗ ಅಪ್ಪನ ಕಾಂತದ ಪಟ್ಟಿ ಮೆಟ್ಟಿಲ ಮೇಲೆ ಬಿದ್ದು ಎರಡು ತುಂಡಾಯಿತು. ಅದರ ಒಂದು ತುದಿಯಲ್ಲಿ ಅರದಿಂದ ಕೊರೆದ ಗೀರಿತ್ತು. ಗೀರಿನ ತುದಿಯಿಂದ ಸೂಜಿಯ ಕೆಂಪು ಕಡೆಗೆ ಉಜ್ಜಬೇಕು, ಅಷ್ಟೇ ಅಪ್ಪ ಹೇಳಿಕೊಟ್ಟದ್ದು. ಏಕೆಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಹೊಸ ಕಾಂತ ತಂದಳು. ಅದರ ಒಂದು ತುದಿಯಲ್ಲಿ 'ಉ', ಇನ್ನೊಂದರಲ್ಲಿ 'ದ' ಎಂದು ಅಚ್ಚು ಹಾಕಿತ್ತು. ಇದು ಇನ್ನೂ ಸುಲಭವಾಯಿತು ಎಂದುಕೊಂಡಳು. ಕೆಂಪು ತುದಿ ಉತ್ತರಕ್ಕೆ ಹೋಗಬೇಕಲ್ಲವೇ, ಹಾಗಾದರೆ ಉತ್ತರದ ತುದಿಯಿಂದಲೇ ಉಜ್ಜಬೇಕು. ಮಾದರಿಗೆಂದು ಅಪ್ಪ ಇಟ್ಟಿದ್ದ ದಿಕ್ಸೂಚಿಯ ಸೂಜಿಯನ್ನೇ ಮೊದಲು ಉಜ್ಜಿ ಮೇಜಿನ ಮೇಲಿಟ್ಟು, ಅದು ತೋರಿಸಿದತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಳು. ಅದೇ ಅವಳ ಹೊಸ ಉತ್ತರ. ಕಡಲು ಇರಬೇಕಾದ ಕಡೆ ಇಲ್ಲವಲ್ಲ ಎಂದು ಒಮ್ಮೆ ಅನ್ನಿಸದೆ ಇರಲಿಲ್ಲ. ಆದರೆ ಗಲ್ಲಿ ಮೂರು ಕಡೆ ಹೊರಳಿತ್ತು, ಕೆಲವು ದಿನದಿಂದ ಮೋಡ ಕವಿದು ಸೂರ್ಯನ ಮುಖ ಕಂಡಿರಲಿಲ್ಲ. ಹೊಸ ಜಾಗ, ತನ್ನ ತಲೆಯೇ ತಿರುಗಿರಬೇಕು ಎಂದು ಸುಮ್ಮನಾದಳು. ಆ ವಾರ ಆರು ದಿಕ್ಸೂಚಿ ದುರಸ್ತಿಯಾಗಿ ಹೋದವು. ಪ್ರತಿಯೊಂದನ್ನೂ ಗೆರೆಯ ಮೇಲಿಟ್ಟು ನೋಡಿಯೇ ಕೊಟ್ಟಿದ್ದಳು.

ಕೋಣೆಗೆ ಬಂದ ಒಂಬತ್ತನೆಯ ದಿನ ಮಧ್ಯಾಹ್ನ ಅಕ್ಕನ ಗಂಡ ಬಂದ. ಅವನು ದೋಣಿ ನಡೆಸುವವನು, ಆ ಆರರಲ್ಲಿ ಒಂದು ದಿಕ್ಸೂಚಿ ಅವನದು. ಬಂದವನೇ ತನ್ನ ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು ಕುಳಿತ.

"ದಡ ದೂರಾದ ಮೇಲೆ ಮಂಜು ಕವೀತು, ಪಶ್ಚಿಮಕ್ಕೆ ಅಂತ ಹೊರಟೆ," ಎಂದ. "ಅರ್ಧ ಗಂಟೆಗೆ ಎದುರಿಂದ ನಾಯಿ ಬೊಗಳೋದು ಕೇಳಿಸ್ತು. ನಡು ಸಮುದ್ರದಲ್ಲಿ ನಾಯಿ ಎಲ್ಲಿಂದ ಬರಬೇಕು ಹೇಳು. ಎಂಜಿನ್ ಹಿಂದಕ್ಕೆ ಕೊಡೋದು ಇನ್ನೊಂದು ಗಳಿಗೆ ತಡವಾಗಿದ್ರೆ ಬಂಡೆಗೆ ಬಡೀತಿದ್ವಿ."

ಅವಳು ದಿಕ್ಸೂಚಿಯನ್ನು ಗೆರೆಯ ಮೇಲಿಟ್ಟಳು. ಸೂಜಿ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನಿಂತಿತು. ಸರಿಯಾಗಿಯೇ ಇದೆಯಲ್ಲ ಭಾವ, ಎಂದಳು. ಭಾವ ಎದ್ದು ಅವಳ ರಟ್ಟೆ ಹಿಡಿದು ತಾರಸಿಗೆ ಕರೆದೊಯ್ದ. ಅಲ್ಲಿಂದ ದೀಪಸ್ತಂಭ ಕಾಣುತ್ತಿತ್ತು, ಅದರಾಚೆ ಕಡಲು. ಹುಟ್ಟಿದಾಗಿನಿಂದ ಪಶ್ಚಿಮಕ್ಕಿದ್ದ ಕಡಲು ಅವಳ ಅಂಗೈಯ ದಿಕ್ಸೂಚಿಯ ಪ್ರಕಾರ ಪೂರ್ವಕ್ಕಿತ್ತು.

ಆರು ದೋಣಿ, ಆರೂ ತಲೆಕೆಳಗು. ಇಬ್ಬರೂ ಬಂದರಿಗೆ ಓಡಿದರು. ಇನ್ನೂ ನಾಲ್ಕು ದಡದಲ್ಲೇ ಸಿಕ್ಕವು. ಆರನೆಯದು ಹೋಗಿ ಎರಡು ದಿನವಾಗಿತ್ತು. ವೈರ್‌ಲೆಸ್ಸಿನವನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಉತ್ತರ ಬರಲಿಲ್ಲ.

ಕಾಯುತ್ತ ಕುಳಿತಲ್ಲಿಗೆ ಅವಳ ನಾದಿನಿ ಬಂದಳು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಎಲ್ಲ ಕೇಳಿಸಿಕೊಂಡು, ಒಂದು ಕೆಂಪು ತುದಿಯನ್ನು ಇನ್ನೊಂದು ಕೆಂಪು ತುದಿಯ ಹತ್ತಿರ ತಂದರೆ ಏನಾಗುತ್ತದೆ ಎಂದು ಕೇಳಿದಳು.

"ತಳ್ಳಾಡ್ತವೆ. ಅದು ಗೊತ್ತಿಲ್ವಾ ನಂಗೆ?"

"ಒಂದೇ ಜಾತಿಯವು ದೂರ ಹೋಗ್ತವೆ, ಬೇರೆ ಜಾತಿಯವು ಸೇರ್ತವೆ. ಹಾಗಿದ್ಮೇಲೆ ನಿನ್ನ ಕೆಂಪು ತುದೀನ ಉತ್ತರಕ್ಕೆ ಎಳೀತಿರೋದು ಯಾವ ಜಾತಿ ಅತ್ತಿಗೆ?"

ಮೂವತ್ತೊಂದು ವರ್ಷ ಕೆಂಪು ತುದಿಗಳನ್ನು ಡಬ್ಬಿಯಲ್ಲಿ ಒಂದಕ್ಕೊಂದು ತಾಗದಂತೆ ಎತ್ತಿಟ್ಟವಳು ಸೂಜಿಯಕ್ಕ. ಆದರೂ ಈ ಪ್ರಶ್ನೆ ಹೊಳೆದಿರಲಿಲ್ಲ.

ನಾದಿನಿ ಮೆಲ್ಲಗೆ ಬಿಡಿಸಿ ಹೇಳಿದಳು. ಸೂಜಿಯ ತುದಿಗೆ ಉತ್ತರ ಎಂಬ ಹೆಸರು ಬಂದದ್ದು ಅದು ಉತ್ತರವನ್ನು ಹುಡುಕುವುದರಿಂದ. ಹುಡುಕುವುದು ಎಂಬ ಮಾತು ಬಾಯಿಂದ ಬಾಯಿಗೆ ಸವೆದು ಉದುರಿ, ಬರೀ ಉತ್ತರ ಉಳಿಯಿತು. ಅದನ್ನು ಎಳೆಯುವ, ಭೂಮಿಯ ಉತ್ತರದಲ್ಲಿರುವ ಧ್ರುವವು ಕಾಂತದ ಲೆಕ್ಕದಲ್ಲಿ ದಕ್ಷಿಣ ಜಾತಿಯದು. ಹೆಸರು ಮಾತ್ರ ಜಾಗದಿಂದಾಗಿ ಉತ್ತರ ಎಂದೇ ನಿಂತಿದೆ. ಆ ಧ್ರುವ ನಿಂತಲ್ಲಿ ನಿಲ್ಲುವುದೂ ಇಲ್ಲ, ವರ್ಷವರ್ಷವೂ ಸರಿಯುತ್ತದೆ. ಇನ್ನು ಉಜ್ಜುತ್ತ ಹೋಗಿ ಸೂಜಿಯ ಯಾವ ತುದಿಯಲ್ಲಿ ಕಾಂತವನ್ನು ಎತ್ತುತ್ತೇವೋ, ಆ ತುದಿಗೆ ಉಜ್ಜಿದ ಕಾಂತದ ತುದಿಗೆ ವಿರುದ್ಧವಾದ ಜಾತಿ ಬರುತ್ತದೆ. ಅಪ್ಪನ ಗೀರು ದಕ್ಷಿಣದ ತುದಿಯಲ್ಲಿತ್ತು, ಅವಳು ಉಜ್ಜಿದ್ದು ಉತ್ತರದ ತುದಿಯಿಂದ.

"ಅಪ್ಪನಿಗೆ ಗೊತ್ತಿತ್ತಾ ಇದು?" ಎಂದಳು ಸೂಜಿಯಕ್ಕ. ಕೈಗೆ ಗೊತ್ತಿದ್ದಿರಬೇಕು ಎಂದಳು ನಾದಿನಿ.

ಸಂಜೆಯ ಹೊತ್ತಿಗೆ ವೈರ್‌ಲೆಸ್ ಕರಕರ ಎಂದಿತು. ಆರನೆಯ ದೋಣಿ ಲಂಗರು ಹಾಕಿ ನಿಂತಿತ್ತು, ಎಲ್ಲರೂ ಕ್ಷೇಮ. ಹಿಂದಿನ ದಿನ ಮೋಡ ಗಳಿಗೆ ಹೊತ್ತು ಬಿರಿದಾಗ ಸೂರ್ಯ ಪೂರ್ವದಲ್ಲಿ ಮುಳುಗುವುದನ್ನು ಆ ದೋಣಿಯ ಯಜಮಾನ ಕಣ್ಣಾರೆ ಕಂಡನಂತೆ. ತನಗೆ ಬುದ್ಧಿಭ್ರಮಣೆಯಾಗಿದೆ ಎಂದು ಹೆದರಿ, ಆಳುಗಳಿಗೆ ಹೇಳಲು ನಾಚಿ, ಎಂಜಿನ್ ಕೆಟ್ಟಿದೆ ಎಂದು ಸುಳ್ಳು ಹೇಳಿ ವೈರ್‌ಲೆಸ್ಸನ್ನೂ ಮುಚ್ಚಿ ಕುಳಿತಿದ್ದವನು ಈಗಷ್ಟೇ ತೆರೆದಿದ್ದ. ತಪ್ಪು ಸೂಜಿಯದು ಎಂದು ಕೇಳಿ ಅವನು ಅತ್ತದ್ದು ವೈರ್‌ಲೆಸ್ಸಿನ ಡಬ್ಬಿಯೊಳಗಿಂದ ಎಲ್ಲರಿಗೂ ಕೇಳಿಸಿತು.

ಸೂಜಿಯಕ್ಕ ಮಾದರಿಯದೂ ಸೇರಿ ಏಳೂ ಸೂಜಿಗಳನ್ನು 'ದ' ತುದಿಯಿಂದ ಮತ್ತೆ ಉಜ್ಜಿದಳು. ಆರು ಮನೆಗೂ ತಾನೇ ಹೋಗಿ, ತಪ್ಪು ನನ್ನದು ಎಂದು ಒಪ್ಪಿಕೊಂಡು ಕೊಟ್ಟು ಬಂದಳು. ಇಬ್ಬರು ಮುಖ ತಿರುಗಿಸಿದರು, ಮತ್ತೆಂದೂ ಅವಳ ಮೆಟ್ಟಿಲು ಹತ್ತಲಿಲ್ಲ. ಭಾವ ಮಾತ್ರ ಮರುವಾರವೇ ಅವಳನ್ನು ದೋಣಿಗೆ ಹತ್ತಿಸಿಕೊಂಡ. ಮಂಜಿರಲಿಲ್ಲ. ದಡ ಕಣ್ಮರೆಯಾಗುವವರೆಗೂ ಅವಳು ದಿಕ್ಸೂಚಿಯನ್ನು ಒಮ್ಮೆ, ಸೂರ್ಯನನ್ನು ಒಮ್ಮೆ ನೋಡುತ್ತಲೇ ಇದ್ದಳು. ಊಟದ ಡಬ್ಬಿ ತೆರೆದಾಗಲೂ ಕಣ್ಣು ಕೀಳಲಿಲ್ಲ.