ಬೈಗುಳ ಕೇಳಿ ಗೂಬೆ ಹುಡುಕುವ ಅಕ್ಕ

ಬೆಳಗಿನ ಆರು ಗಂಟೆ. ಬೆಟ್ಟದ ಏರುದಾರಿಯಲ್ಲಿ ನನ್ನ ಮುಂದೆ ನಡೆಯುತ್ತಿರುವ ಹೆಂಗಸು ತಟ್ಟನೆ ನಿಂತು, ಕೈ ಎತ್ತಿ ನನ್ನನ್ನೂ ನಿಲ್ಲಿಸುತ್ತಾರೆ. ನಾನು ಏದುಸಿರು ಬಿಡುತ್ತಿದ್ದೇನೆ. ಸಾಧ್ಯವಾದರೆ ಅದನ್ನೂ ನಿಲ್ಲಿಸಿ ಎನ್ನುವಂತೆ ಒಮ್ಮೆ ನೋಡುತ್ತಾರೆ.

“ಕೇಳಿಸ್ತಾ? ಅಲ್ಲಿ ಯಾರೋ ಯಾರನ್ನೋ ಬೈತಾ ಇದ್ದಾರೆ.”

ನನಗೆ ಕೇಳಿಸುವುದು ಬರೀ ಚಿರ್ ಚಿರ್. ಅವರಿಗೆ ಅದು ಪೂರಾ ಬೀದಿಜಗಳ. ಬೈಯುತ್ತಿರುವುದು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ, ಕಪ್ಪು ತಲೆಯ ಹಕ್ಕಿ. ಇವರ ಬಾಯಲ್ಲಿ ಅದು ‘ಟೋಪಿ ಹಕ್ಕಿ’. ಹಗಲಲ್ಲಿ ಗೂಬೆ ಕಣ್ಣಿಗೆ ಬಿದ್ದರೆ ಇಂಥ ಹಕ್ಕಿಗಳೆಲ್ಲ ಸುತ್ತ ಸೇರಿ ಬಾಯಿಗೆ ಬಂದಂತೆ ಬೈಯುತ್ತವೆ. “ಗೂಬೆನ ಹುಡುಕಬಾರದು ಸಾರ್,” ಎನ್ನುತ್ತಾರೆ ಪಿಸುದನಿಯಲ್ಲಿ, “ಅದನ್ನ ಬೈಯೋರನ್ನ ಹುಡುಕಬೇಕು.”

ಊರಿಗೆಲ್ಲ ಇವರು ಗೂಬೆಯಕ್ಕ. ನಮ್ಮನ್ನು ಯಾರಾದರೂ ಗೂಬೆ ಎಂದರೆ ಸಿಟ್ಟು ನೆತ್ತಿಗೇರುತ್ತದೆ, ಇವರು “ಏನಪ್ಪಾ?” ಎಂದು ತಿರುಗಿ ನೋಡುತ್ತಾರೆ. ವಯಸ್ಸು ಐವತ್ತನಾಲ್ಕು. ಅರಣ್ಯ ಕಚೇರಿಗಾಗಿ ಹಕ್ಕಿ ಎಣಿಸಲು ಹಿಡಿದು ಹತ್ತೊಂಬತ್ತು ವರ್ಷ. ಅದಕ್ಕೂ ಮುಂಚೆ ಹಕ್ಕಿ ನೋಡಲು ಬರುವವರ ಸಾಮಾನು ಹೊರುತ್ತಿದ್ದರು. “ಅವರೆಲ್ಲ ಮೇಲೆ ನೋಡ್ತಾ ಎಡವೋರು. ನನ್ನ ಬೆನ್ನ ಮೇಲೆ ಹೊರೆ, ಕತ್ತೆತ್ತೋಕೆ ಆಗ್ತಿರಲಿಲ್ಲ. ನೆಲ ನೋಡ್ಕೊಂಡು ನಡೆದೆ. ಗೂಬೆ ಉಗುಳಿದ ಉಂಡೆ ಸಿಕ್ತು.”

ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲನ್ನೂ ಎಲುಬನ್ನೂ ಉಂಡೆ ಮಾಡಿ ಉಗುಳುತ್ತದೆ. ಉಂಡೆ ಬಿದ್ದ ಮರದಲ್ಲಿ ಗೂಬೆ ಇರಲೇಬೇಕು. ಸಾಮಾನು ಹೊರುವಾಕೆಗೆ ಹೊಳೆದದ್ದು ದುರ್ಬೀನು ಹಿಡಿದವರಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಈಗಲೂ ಖುಷಿ.

ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡಿಗೆ, ಮೂರು ಇಳಿಜಾರು, ನಲವತ್ತೊಂದು ಪೊಟರೆ. ಎರಡೂ ಮಂಡಿಗೆ ಪಟ್ಟಿ. ಒಮ್ಮೆ ಜಾರಿ ಬಿದ್ದು ಮಣಿಕಟ್ಟು ಮುರಿದಾಗ ಎಡಗೈಯಲ್ಲಿ ಬರೆದ ರಿಜಿಸ್ಟರನ್ನು ಇಂದಿಗೂ ಯಾರೂ ಓದಿ ಮುಗಿಸಿಲ್ಲ. ಸಿಕ್ಕಿದ ಉಂಡೆಗಳೆಲ್ಲ ಅಡುಗೆಮನೆಯ ಕಿಟಕಿಯಲ್ಲಿ, ಬೆಂಕಿಪೊಟ್ಟಣಗಳೊಳಗೆ ಒಣಗುತ್ತವೆ. ಟೈಲರ್ ಕೆಲಸದ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ದೂರು ಕೊಡುತ್ತಾರೆ: “ಒಲೆ ಹಚ್ಚೋಣ ಅಂತ ಪೊಟ್ಟಣ ತೆಗೆದ್ರೆ ಇಲಿ ತಲೆಬುರುಡೆ ನನ್ನ ನೋಡಿ ಹಲ್ಲು ಕಿರೀತಿತ್ತು! ಅವತ್ತಿಂದ ಲೈಟರ್ ಇಟ್ಕೊಂಡಿದ್ದೀನಿ.” ಹೆಂಡತಿಯ ಕೋಟಿಗೆ ಒಂಬತ್ತು ಜೇಬು ಹೊಲಿದುಕೊಟ್ಟವರೂ ಇವರೇ.

ಇಂದು ಮಾತ್ರ ಗೂಬೆಯಕ್ಕನ ನಗುವಿನಲ್ಲಿ ಸ್ವಲ್ಪ ಅಳುಕಿದೆ. ರಸ್ತೆಯತ್ತ ವಾಲಿರುವ ಒಣಮರವೊಂದಕ್ಕೆ ಕೆಂಪು ಬಣ್ಣದ ಗುರುತು ಬಿದ್ದಿದೆ. ಹತ್ತು ಗಂಟೆಗೆ ಗರಗಸದವರು ಬರುತ್ತಾರೆ. ಅದರ ಪೊಟರೆಯಲ್ಲಿ ಗೂಬೆ ಮರಿ ಮಾಡಿದೆ ಎಂಬುದು ಇವರ ಮಾತು. ನಂಬಬೇಕಾದವರು ಅರಣ್ಯ ಕಚೇರಿಯ ಸಾಹೇಬರು. ಅವರಿಗೆ ಹೋದ ವರ್ಷದ ನೆನಪು ಇನ್ನೂ ಹಸಿಯಾಗಿದೆ.

ಹೋದ ವರ್ಷವೂ ಅಕ್ಕ ಹೀಗೆಯೇ ಒಂದು ಮರ ಉಳಿಸಿದ್ದರು. ಹನ್ನೊಂದು ದಿನ ರಿಜಿಸ್ಟರಿನಲ್ಲಿ ‘ಗೂಬೆ ಒಂದು, ನಿದ್ದೆ’ ಎಂದು ಬರೆದರು. ಹನ್ನೆರಡನೆಯ ದಿನ ನೋಡಿದರೆ ಅದು ಮುರಿದ ಕೊಂಬೆಯ ಮೊಂಡು! ಹಕ್ಕಿ ಬೈದದ್ದು ಅದರ ಕೆಳಗಿದ್ದ ಹಾವನ್ನು. “ಟೋಪಿ ಹಕ್ಕಿ ನನಗೇ ಟೋಪಿ ಹಾಕ್ತು,” ಎಂದು ಅಕ್ಕ ನಗುತ್ತಾರೆ. ಆದರೆ ಕಚೇರಿಯಲ್ಲಿ ನಗೆಪಾಟಲಾದದ್ದು ಸಾಹೇಬರು. “ಈ ಸಲ ಗೂಬೆ ಕಣ್ಣು ಬಿಡೋವರೆಗೂ ನಾನು ಒಪ್ಪಲ್ಲ ಅಕ್ಕಾ” ಎಂದವರು, ಮಾತಿಗೆ ತಕ್ಕಂತೆ ಮರದಡಿ ನಮಗಾಗಿ ಕಾಯುತ್ತಿದ್ದಾರೆ.

ಪೊಟರೆಯ ಬಾಯಲ್ಲಿ ಬೂದುಬಣ್ಣದ್ದೇನೋ ಇದೆ. ನನಗಂತೂ ತೊಗಟೆ. ಸಾಹೇಬರು ದುರ್ಬೀನು ಹಿಡಿದು ನಿಟ್ಟುಸಿರು ಬಿಡುತ್ತಾರೆ. “ಇದೂ ಮೊಂಡೇ ಅಲ್ವಾ ಅಕ್ಕಾ?”

“ಹಾವಿಗಾದ್ರೆ ಟೋಪಿ ಹಕ್ಕಿ ಕೆಳಗೆ ನೋಡಿ ಬೈಯುತ್ತೆ ಸಾಹೇಬ್ರೇ. ಈಗ ನೇರ ಮುಖಕ್ಕೇ ಬೈತಾ ಇದೆ. ಸ್ವಲ್ಪ ತಾಳಿ.”

ತಾಳುತ್ತೇವೆ. ಏಳಾಗುತ್ತದೆ, ಎಂಟಾಗುತ್ತದೆ, ಒಂಬತ್ತೂವರೆಯಾಗುತ್ತದೆ. ಕೆಳಗಿನ ತಿರುವಿನಲ್ಲಿ ಗರಗಸದವರ ಲಾರಿ ಏರುವ ಸದ್ದು. ಅಕ್ಕ ಒಂಬತ್ತು ಜೇಬುಗಳಲ್ಲೂ ಕೈಯಾಡಿಸಿ ಏನನ್ನೂ ತೆಗೆಯುವುದಿಲ್ಲ. ತಪ್ಪಾಗಿದ್ದರೆ ಮರ ಮಾತ್ರವಲ್ಲ, ಇವರ ಮಾತೂ ಉರುಳುತ್ತದೆ. ಲಾರಿ ನಿಂತು ಬಾಗಿಲು ದಢಾರ್ ಎನ್ನುತ್ತದೆ. ಆಗ ತೊಗಟೆಯ ನಡುವೆ ಹಳದಿ ಕಣ್ಣೊಂದು ತೆರೆದು, ನಮ್ಮೆಲ್ಲರನ್ನೂ ನೋಡಿ, ಮುಚ್ಚಿಕೊಳ್ಳುತ್ತದೆ.

“ಕಣ್ಣು ಹೊಡೀತು!” ಸಾಹೇಬರು ಕೂಗಿಯೇ ಬಿಡುತ್ತಾರೆ. “ನನಗೇ ಕಣ್ಣು ಹೊಡೀತು ಅಕ್ಕಾ!”

“ಮನೇಲಿ ಹೇಳ್ಬೇಡಿ ಸಾಹೇಬ್ರೇ.”

ಗರಗಸದವರೂ ನಗುತ್ತಾರೆ. ಅಮ್ಮನ ಹಿಂದಿನಿಂದ ಎರಡು ಮರಿಗಳ ಬಿಳಿ ತುಪ್ಪಳದ ತಲೆಗಳು ಇಣುಕುತ್ತವೆ. ಮರಿ ಹಾರುವವರೆಗೆ ಮರಕ್ಕೆ ಉಕ್ಕಿನ ಹಗ್ಗ ಕಟ್ಟಿ ನಿಲ್ಲಿಸಿ ಎಂದು ಸಾಹೇಬರ ಅಪ್ಪಣೆಯಾಗುತ್ತದೆ. ಅಕ್ಕ ಕಲ್ಲಿನ ಮೇಲೆ ಕುಳಿತು ರಿಜಿಸ್ಟರ್ ಬಿಡಿಸುತ್ತಾರೆ. ‘ಮೊದಲು ಕಂಡವರು’ ಎಂಬ ಅಂಕಣದಲ್ಲಿ ‘ಟೋಪಿ ಹಕ್ಕಿ’ ಎಂದು ಬರೆಯುತ್ತಾರೆ. ಹತ್ತೊಂಬತ್ತು ವರ್ಷದ ಪುಟಗಳಲ್ಲಿ ಆ ಅಂಕಣದಲ್ಲಿ ಇವರ ಹೆಸರು ಒಮ್ಮೆಯೂ ಬಂದಿಲ್ಲ.

“ಹೋದ ವರ್ಷದ್ದನ್ನ ಹೊಡೆದು ಹಾಕಿಬಿಡಿ ಅಕ್ಕಾ, ನಾನು ಸಹಿ ಹಾಕ್ತೀನಿ,” ಎನ್ನುತ್ತಾರೆ ಸಾಹೇಬರು, ಸ್ವಲ್ಪ ನಾಚಿಕೊಂಡು.

“ಬೇಡ, ಇರಲಿ. ನನ್ನ ನಂತರ ಬರೋರು ಓದಿ ಎರಡೆರಡು ಸಲ ನೋಡ್ತಾರೆ.” ಅಕ್ಕ ಪುಸ್ತಕ ಮುಚ್ಚಿ ಏಳುತ್ತಾರೆ, ಮಂಡಿಯ ಪಟ್ಟಿ ಬಿಗಿದುಕೊಳ್ಳುತ್ತಾರೆ. “ನನ್ನದೊಂದೇ ಆಸೆ ಸಾಹೇಬ್ರೇ. ಇನ್ಮುಂದೆ ನನ್ನ ತಲೆ ಮೇಲೆ ಗೂಬೆ ಕೂರಿಸೋದಾದ್ರೆ, ಜೀವ ಇರೋದನ್ನೇ ಕೂರಿಸಿ. ಎಣಿಸ್ಕೋತೀನಿ.”